ಬಟಾಣಿ ಪೊಟ್ಟಣದ ಕೆಂಪು ದಾರ

ಎಳೆಯದಿದ್ದಾಗಲೇ ಸಿಪ್ಪೆ ಸಮೇತ ತಿನ್ನುವ ಚೀನಾ ಬಟಾಣಿಗೆ ಕಾಯುವ ಗುಣವಿಲ್ಲ. ದಿನ ಬಿಟ್ಟು ದಿನ ಕೊಯ್ಯಬೇಕು. ಒಂದು ದಿನ ಮೈಮರೆತರೆ ಸಿಪ್ಪೆಯೊಳಗೆ ಕಾಳು ಉಬ್ಬಿಕೊಳ್ಳುತ್ತದೆ. ಉಬ್ಬಿದ ಕಾಯನ್ನು ಕಂಪನಿಯ ಲಾರಿಯವನು ಮೂಗು ಮುರಿದು ಪಕ್ಕಕ್ಕೆ ಸುರಿಯುತ್ತಾನೆ. ಮೆಕ್ಕೆಜೋಳ ಹಾಗಲ್ಲ. ಅದು ಮನೆಯವರ ಹಾಗೆ, ನೀವು ಬರುವವರೆಗೆ ಒಣಗಿಕೊಂಡಾದರೂ ನಿಂತಿರುತ್ತದೆ. ಬಟಾಣಿ ಈ ಗುಡ್ಡಕ್ಕೆ ಬಂದು ಇಪ್ಪತ್ತೈದು ವರ್ಷವಾದರೂ ಇನ್ನೂ ನೆಂಟರ ಜಂಭ ಬಿಟ್ಟಿಲ್ಲ. ಮೊಮ್ಮಗನನ್ನು ಮಣ್ಣು ಮಾಡಿದ ಮಾರನೆಯ ದಿನವೂ ನಿಕೊಲಾಸಾ ಬುಟ್ಟಿ ಹಿಡಿದು ಸಾಲಿಗೆ ಇಳಿದಿದ್ದಳು. ಅಳುತ್ತಾ ಕೊಯ್ದಳೋ ಕೊಯ್ಯುತ್ತಾ ಅತ್ತಳೋ, ಲಾರಿಗಂತೂ ಕಾಯಿ ಹೋಯಿತು.

ಅದಾಗಿ ಏಳು ವಾರ. ಮಗುವಿಗೆ ಆಗಷ್ಟೇ ಐದು ತಿಂಗಳು ತುಂಬಿತ್ತು. ಮೊದಲು ಕೆಮ್ಮು, ಆಮೇಲೆ ಮೇಲುಸಿರು. ಪಾತ್ಸುನ್ ಪೇಟೆಯ ಡಾಕ್ಟರು ಎದೆಯಲ್ಲಿ ಕಫ ಕಟ್ಟಿದೆ, ತರುವುದು ತಡವಾಯಿತು ಎಂದರು. ನಿಕೊಲಾಸಾ ಆ ಮಾತನ್ನು ಅಲ್ಲಗಳೆಯಲಿಲ್ಲ. ಆದರೆ ಕಫ ಯಾಕೆ ಕಟ್ಟಿತು ಎನ್ನುವುದಕ್ಕೆ ಅವಳ ಹತ್ತಿರ ಬೇರೆ ಉತ್ತರವಿತ್ತು. ಮಗುವಿನ ಕೈಯ ದೃಷ್ಟಿದಾರ ಕಳೆದುಹೋಗಿತ್ತು. ಕಳೆದ ಮೂರನೆಯ ದಿನಕ್ಕೆ ಕೆಮ್ಮು ಶುರುವಾಗಿತ್ತು. ಹುಟ್ಟಿದ ಒಂಬತ್ತನೆಯ ದಿನ ಆ ದಾರವನ್ನು ಅವಳೇ ಹೆಣೆದು ಕಟ್ಟಿದ್ದಳು. ಕೆಂಪು ನೂಲಿನ ನಾಲ್ಕೆಳೆ ಹೆಣಿಗೆ, ನಡುವೆ ಹಾಲುವಾಣ ಮರದ ಎರಡು ಕೆಂಪು ಬೀಜ. ಗಂಟಿನ ಹತ್ತಿರ ಬಂದಾಗ ಕೆಂಪು ನೂಲು ಸಾಲದೆ ಹೋಗಿ, ಮಗ್ಗದ ಮೇಲಿದ್ದ ಹಸಿರು ನೂಲನ್ನೇ ಎಳೆದು ಮುಗಿಸಿದ್ದಳು.

ಕಳೆದದ್ದು ಎಲ್ಲಿ ಎನ್ನುವುದೇ ಜಗಳ. ಆ ದಿನ ಮಗು ಅರ್ಧ ಹೊತ್ತು ಅಜ್ಜಿಯ ಬೆನ್ನ ಮೇಲಿತ್ತು, ಅರ್ಧ ಹೊತ್ತು ತಾಯಿಯ ಮಡಿಲಲ್ಲಿತ್ತು. ಹಿಂದಿನ ದಿನದ ಮಳೆಗೆ ಕಾಯಿ ಒಂದೇ ಸಮನೆ ಬಲಿಯುತ್ತಿತ್ತು, ಲಾರಿ ಬೇರೆ ಬೇಗ ಬರುವುದಿತ್ತು. ಕೆಸರು ಮೆತ್ತಿದ ಕ್ರೇಟುಗಳನ್ನು ತೊಳೆದು ತರಲು ಸೊಸೆ ಸೆನೈದಾಳನ್ನು ಊರ ತೊಟ್ಟಿಗೆ ಅಟ್ಟಿ, ನಿದ್ದೆಯಲ್ಲಿದ್ದ ಮಗುವನ್ನು ನಿಕೊಲಾಸಾ ಬೆನ್ನಿಗೆ ಜೋಲಿ ಕಟ್ಟಿಕೊಂಡು ಸಾಲಿಗೆ ಇಳಿದಿದ್ದಳು. ಹಾಲಿಗೆ ಅತ್ತಾಗ ತೊಟ್ಟಿಯ ಹತ್ತಿರ ಒಯ್ದು ತಾಯಿಗೆ ಒಪ್ಪಿಸಿದ್ದಳು. ಸಂಜೆ ನೋಡಿದರೆ ಮಣಿಕಟ್ಟು ಬೋಳು.

"ತೊಟ್ಟಿ ಹತ್ರ ಹಲ್ಲು ಕಿಸೀತಾ ನಿಂತಿದ್ಯಲ್ಲ, ಅಲ್ಲೇ ಬಿದ್ದಿರೋದು," ಎಂದಿದ್ದಳು ನಿಕೊಲಾಸಾ. "ಮೈಮೇಲೆ ಗ್ಯಾನ ಇದ್ರೆ ತಾನೆ?"

ತೊಟ್ಟಿಯ ನೀರು ಬಿಟ್ಟು, ಪಾಚಿ ಕೆರೆದು ಹುಡುಕಿದ್ದಾಯಿತು. ಹೊಸ ದಾರ ಕಟ್ಟಿದ್ದಾಯಿತು. ಸೂಲಗಿತ್ತಿ ಬಂದು ಮೊಟ್ಟೆ ನಿವಾಳಿಸಿ, ಹಳೆಯದು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಗೊಣಗಿ ಹೋದಳು. ಆ ಗೊಣಗು ನಿಕೊಲಾಸಾಳ ಕಿವಿಯಲ್ಲಿ ಕೂತುಬಿಟ್ಟಿತು. ಮಣ್ಣಿನ ದಿನ ಊರೆಲ್ಲ ಅಂಗಳದಲ್ಲಿ ಸೇರಿದ್ದಾಗ ಅವಳು ಎಲ್ಲರಿಗೂ ಕೇಳುವ ಹಾಗೆ ಅಂದಳು: "ಇವಳು ಆ ದಾರ ಒಂದು ಉಳಿಸ್ಕೊಂಡಿದ್ರೆ ನನ್ನ ಕೂಸು ಉಳೀತಿತ್ತು."

ಆಡಿದ ಮಾತು ಆಡಿಯಾಯಿತು. ಅಂದಿನಿಂದ ಸೆನೈದಾ ಊರ ತೊಟ್ಟಿಯ ಕಡೆ ತಲೆ ಹಾಕಲಿಲ್ಲ. ಒಗೆಯುವ ಬಟ್ಟೆಯನ್ನೆಲ್ಲ ತಲೆ ಮೇಲೆ ಹೊತ್ತು, ಅರ್ಧ ಗಂಟೆ ಇಳಿದು ಹಳ್ಳಕ್ಕೆ ಹೋಗಿ, ಒದ್ದೆ ಬಟ್ಟೆಯ ಭಾರ ಹೊತ್ತು ಏರಿ ಬರುತ್ತಿದ್ದಳು. ಅತ್ತೆಯೊಡನೆ ಉಪ್ಪು, ಸೌದೆ, ಲಾರಿ, ಇಷ್ಟಕ್ಕೇ ಮಾತು. ಮಗ ಫೆರ್ಮಿನ್ ಚಿಮಾಲ್ತೆನಾಂಗೊ ಪಟ್ಟಣದಲ್ಲಿ ಬಟಾಣಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಹಮಾಲಿ. ಇಬ್ಬರ ಗಂಟುಮುಖದ ನಡುವೆ ಸಿಗುವುದಕ್ಕಿಂತ ಮೂಟೆಯೇ ಹಗುರವೆನ್ನಿಸಿತೋ ಏನೋ, ವಾರಕ್ಕೊಮ್ಮೆ ಬರುತ್ತಿದ್ದವನು ಹದಿನೈದು ದಿನಕ್ಕೊಮ್ಮೆ ಬರತೊಡಗಿದ.

ಹೀಗಿರುವಾಗ ಒಂದು ಬೆಳಿಗ್ಗೆ, ಬೆಳೆಗಾರರ ಗುಂಪಿನ ಅಧ್ಯಕ್ಷ ಮಕಾರಿಯೊ ಹೊಲದ ಬದುವಿನ ಮೇಲೆ ಬಂದು ನಿಂತ.

"ನಿಕೊಲಾಸಕ್ಕಾ, ಮಧ್ಯಾಹ್ನ ಗುಂಪಿನ ಶೆಡ್ಡಿಗೆ ಬಾ. ಕಂಪನಿಯ ಬೆಳೆ ಇಂಜಿನಿಯರು ಬರ್ತಾರೆ. ದೂರು ಬಂದೈತಂತೆ."

"ಯಾರ ಮೇಲಪ್ಪಾ?"

"ಇಪ್ಪತ್ತೇಳನೇ ನಂಬರಿನ ಮೇಲೆ," ಎಂದ ಮಕಾರಿಯೊ ಬಟಾಣಿ ಬಳ್ಳಿಯ ಕಡೆ ನೋಡುತ್ತಾ. ಇಪ್ಪತ್ತೇಳು ಅವಳದೇ.

"ನಾನೇನ್ ಮಾಡ್ದೆ? ಔಷಧಿ ಹೊಡೆದು ಅವ್ರು ಹೇಳಿದಷ್ಟು ದಿನ ಕಾದೇ ಕೊಯ್ದಿದ್ದೀನಿ."

"ನಂಗೇನ್ ಗೊತ್ತು? ಏಪ್ರನ್ ಹಾಕ್ಕೊಂಡ್ ಬಾ. ಆ ಪ್ಲಾಸ್ಟಿಕ್ ಟೋಪೀನೂ ಹಾಕ್ಕೊ."

"ಮೀಟಿಂಗಿಗೂ ಟೋಪೀನಾ? ನನ್ನ ಕೂದ್ಲು ಅವ್ರ ಕಾಗದದ ಮೇಲೆ ಉದುರುತ್ತೇನು?"

ಮಕಾರಿಯೊ ನಗಲಿಲ್ಲ. ಅವನು ನಗದಿದ್ದರೆ ವಿಷಯ ದೊಡ್ಡದೇ ಎಂದು ನಿಕೊಲಾಸಾಳಿಗೆ ಗೊತ್ತಾಯಿತು.

ಗುಂಪಿನಲ್ಲಿ ಮೂವತ್ತೆಂಟು ಮನೆ. ಮನೆಗೊಂದು ನಂಬರು. ಕೊಯ್ದ ಕಾಯಿ ತುಂಬಿದ ಕ್ರೇಟಿಗೆ ಆ ನಂಬರಿನ ಚೀಟಿ ಸಿಕ್ಕಿಸುತ್ತಾರೆ. ಅಲ್ಲಿಂದ ಅದು ಪ್ಯಾಕ್ ಆಗಿ, ವಿಮಾನ ಹತ್ತಿ, ಸಮುದ್ರ ದಾಟಿ, ಯಾವುದೋ ಊರಿನ ಅಂಗಡಿಯ ಕಪಾಟಿನಲ್ಲಿ ಕೂತರೂ ನಂಬರು ಮಾತ್ರ ಬೆನ್ನು ಬಿಡುವುದಿಲ್ಲ. ಪೊಟ್ಟಣ ನೋಡಿ ಇದು ಇಂಥ ಗುಡ್ಡದ ಇಂಥವರ ಸಾಲಿನದು ಎಂದು ಹೇಳಿಬಿಡಬಹುದಂತೆ. ಕಾಳು ಕಟ್ಟುವ ಮೊದಲೇ ಸಿಪ್ಪೆ ಸಮೇತ ತಿನ್ನುವ ಆ ಜನ ಯಾರು, ಅವರ ಒಲೆ ಹೇಗಿರುತ್ತದೆ, ಇಲ್ಲಿ ಯಾರಿಗೂ ಗೊತ್ತಿಲ್ಲ. ಅವರಿಗೆ ಮಾತ್ರ ಇಲ್ಲಿಯದೆಲ್ಲ ಗೊತ್ತಿರಬೇಕು. ಹೊಲದಲ್ಲಿ ಉಣ್ಣಬಾರದು, ಓಲೆ ಹಾಕಬಾರದು, ನಾಯಿ ಬರಬಾರದು. ಎಲ್ಲಕ್ಕಿಂತ ಮೇಲೆ, ಮಕ್ಕಳು ಬರಬಾರದು. ಇದಕ್ಕೆಂದೇ ಪ್ರತಿ ಹೊಲದ ತಲೆಗೂ ಒಂದು ಹಲಗೆ ನೆಟ್ಟಿದ್ದಾರೆ. ಅದರ ಮೇಲೆ ಮಗುವಿನ ಚಿತ್ರ, ಚಿತ್ರಕ್ಕೆ ಅಡ್ಡ ಗೆರೆ. ಒಂದು ಮನೆಯ ಹೊಲದಲ್ಲಿ ಮಗು ಸಿಕ್ಕರೂ ಇಡೀ ಗುಂಪಿನ ಒಪ್ಪಿಗೆ ಪತ್ರ ರದ್ದು. ಮೂವತ್ತೆಂಟು ಮನೆಯ ಕಾಯಿ ದನಕ್ಕೆ.

ಆದರೆ ಹಾಲು ಕುಡಿಯುವ ಕೂಸನ್ನು ಎಲ್ಲಿ ಬಿಡುವುದು? ಹಾಗಾಗಿ ಎಲ್ಲರ ಬೆನ್ನ ಮೇಲೂ ಜೋಲಿ ಇರುತ್ತದೆ. ಇಂಜಿನಿಯರ ಮೋಟರ್ ಸೈಕಲ್ಲಿನ ಸದ್ದು ತಿರುವಿನಲ್ಲಿ ಕೇಳಿದ ಕೂಡಲೇ ಕೂಸುಗಳೆಲ್ಲ ಕೈಯಿಂದ ಕೈಗೆ ದಾಟಿ ಪಕ್ಕದ ಮೆಕ್ಕೆಜೋಳದೊಳಗೆ ಸೇರಿಬಿಡುತ್ತವೆ. ಮೆಕ್ಕೆಜೋಳಕ್ಕೆ ಕಂಪನಿಯ ಕಾನೂನಿಲ್ಲ, ಅದನ್ನು ನಾವೇ ತಿನ್ನುವುದು.

ಮಧ್ಯಾಹ್ನ ಶೆಡ್ಡಿನಲ್ಲಿ ಮನೆಗೊಬ್ಬರಂತೆ ಹೆಂಗಸರು ಟೋಪಿ ಹಾಕಿಕೊಂಡು ಕ್ರೇಟು ಬೋರಲು ಹಾಕಿ ಕೂತರು. ನಿಕೊಲಾಸಾಳ ಪಕ್ಕ ತೊರಿಬಿಯಾ. ವಯಸ್ಸಿನಲ್ಲಿ ಅವಳಿಗಿಂತ ತುಸು ಹಿರಿಯಳು, ನಾಲಿಗೆಯಲ್ಲಿ ಊರಿಗೇ ಹಿರಿಯಳು. ಇಂಜಿನಿಯರ ಹೆಸರು ಒವಿದಿಯೊ. ಪೇಟೆಯವನು, ಅವನಿಗೆ ಸ್ಪ್ಯಾನಿಷ್ ಮಾತ್ರ ಬರುತ್ತದೆ. ಊರಿನ ಕಕ್ಚಿಕೆಲ್ ಮಾತು ಒಂದಕ್ಷರ ಬಾರದು. ನಡುವೆ ಮಕಾರಿಯೊ ನಿಂತು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ದಾಟಿಸಬೇಕು. ಇಂಜಿನಿಯರು ಕೆಟ್ಟವನೇನಲ್ಲ. ಅವನಿಗೂ ಸುಸ್ತಾಗಿತ್ತು. ಬೆಳಗಿನಿಂದ ಇದು ಮೂರನೇ ಊರು.

"ಇಂಗ್ಲೆಂಡಿನಲ್ಲಿ ಒಬ್ಬ ಹೆಂಗಸು ನಮ್ಮ ಬಟಾಣಿ ಪೊಟ್ಟಣ ತಂದಿದ್ದಾಳೆ," ಎಂದು ಮಕಾರಿಯೊ ದಾಟಿಸಿದ. "ಒಳಗೆ ಬೇಡದ ವಸ್ತು ಇತ್ತಂತೆ. ಅವಳ ಪುಟ್ಟ ಮಗು ಅದನ್ನ ಬಾಯಿಗೆ ಹಾಕ್ಕೊಂಡಿತ್ತಂತೆ."

"ಅಯ್ಯೋ ದೇವ್ರೇ, ನುಂಗ್ತಾ?" ಎಂದಳು ನಿಕೊಲಾಸಾ.

"ಇಲ್ಲ, ತಾಯಿ ಬೆರಳು ಹಾಕಿ ತೆಗೆದಳಂತೆ."

"ಎಷ್ಟು ತಿಂಗಳ ಕೂಸು?"

ಮಕಾರಿಯೊ ಕೇಳಿದ. ಇಂಜಿನಿಯರು ಹುಬ್ಬು ಗಂಟಿಕ್ಕಿದ. ಕಾಗದದಲ್ಲಿ ಅದನ್ನು ಬರೆದಿಲ್ಲ, ಅದು ಮುಖ್ಯವೂ ಅಲ್ಲ. ಅವನು ಚೀಲದಿಂದ ಬಣ್ಣದ ಚಿತ್ರವಿದ್ದ ಒಂದು ಹಾಳೆ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

ಬಿಳಿ ಮೇಜಿನ ಮೇಲೆ, ಅಳತೆಪಟ್ಟಿಯ ಪಕ್ಕದಲ್ಲಿ, ಒಂದು ಪುಟ್ಟ ಕೆಂಪು ದಾರದ ಸುತ್ತು. ಎರಡು ಬೀಜ. ಗಂಟಿನ ಹತ್ತಿರ ಹಸಿರು ನೂಲು.

ನಿಕೊಲಾಸಾಳ ಕೈ ತಾನಾಗಿ ಹಾಳೆಯ ಕಡೆ ಚಾಚಿತು. ಪಕ್ಕದಲ್ಲಿದ್ದ ತೊರಿಬಿಯಾ ಆ ಕೈಯನ್ನು ಹಿಡಿದು ಮೆಲ್ಲಗೆ ಮಡಿಲಿಗೆ ಇಳಿಸಿದಳು. ಪಾಚಿ ಕೆರೆದು ಈ ದಾರಕ್ಕಾಗಿ ಹುಡುಕಿದ್ದ ಕೈಗಳೇ ಅಲ್ಲಿ ಅರ್ಧಕ್ಕರ್ಧ ಇದ್ದವು. ಎಲ್ಲರಿಗೂ ಗೊತ್ತಾಗಿತ್ತು.

ದಾರ ತೊಟ್ಟಿಯಲ್ಲಿ ಬಿದ್ದಿರಲಿಲ್ಲ. ನಿಕೊಲಾಸಾ ಬಗ್ಗಿ ಕೊಯ್ಯುವಾಗ, ಬೆನ್ನ ಮೇಲಿಂದ ಇಳಿಬಿದ್ದ ಪುಟ್ಟ ಕೈಯಿಂದ ಜಾರಿ, ಅವಳದೇ ಬುಟ್ಟಿಗೆ ಬಿದ್ದು, ಅವಳದೇ ನಂಬರು ಅಂಟಿಸಿಕೊಂಡು ಹೋಗಿತ್ತು. ಏಳು ವಾರ ಸೊಸೆಯ ತಲೆಗೆ ಕಟ್ಟಿದ ತಪ್ಪು ತನ್ನದೇ ಬೆನ್ನಿನದು.

"ಇದು ಯಾರದು, ಹೇಗೆ ಬಂತು ಅಂತ ಕೇಳ್ತಾವ್ರೆ," ಎಂದ ಮಕಾರಿಯೊ, ನೆಲ ನೋಡುತ್ತಾ.

"ನಂದು ಅಂತ ಹೇಳು," ಎಂದಳು ನಿಕೊಲಾಸಾ. "ಕೈನೋವಿಗೆ ನಾನೇ ಕಟ್ಕೊಂಡಿದ್ದೆ ಅಂತ ಹೇಳು."

ಮಕಾರಿಯೊ ಹೇಳಿದ. ಇಂಜಿನಿಯರು ಹಾಳೆ ನೋಡಿದ, ಅಳತೆಪಟ್ಟಿ ನೋಡಿದ, ಆಮೇಲೆ ನಿಕೊಲಾಸಾಳ ಗುದ್ದಲಿ ಹಿಡಿದು ದಪ್ಪಗಾದ ಮಣಿಕಟ್ಟು ನೋಡಿದ. ಎರಡು ಬೆರಳು ಜೋಡಿಸಿ ದಾರದ ಅಳತೆ ತೋರಿಸಿ, ತಲೆ ಅಲ್ಲಾಡಿಸಿದ. ಇದು ಮಗುವಿನ ಕೈ ಅಳತೆ. ಹಾಗಾದರೆ ಹೊಲದಲ್ಲಿ ಮಗು ಇತ್ತೇ?

"ಬಾಯಿ ಬಿಡ್ಬೇಡ," ಎಂದಳು ತೊರಿಬಿಯಾ ತಮ್ಮ ಮಾತಿನಲ್ಲಿ, ಮುಖದಲ್ಲಿ ನಗು ತಂದುಕೊಂಡು.

"ಅದು ನನ್ನ ಕೂಸಿಂದು ಕಣಕ್ಕಾ. ಕೇಳಿದ್ರೆ ವಾಪಸ್ ಕೊಟ್ಟಾರು."

"ಕೊಡ್ತಾರೆ, ಜೊತೆಗೆ ಮೂವತ್ತೆಂಟು ನಂಬರನ್ನೂ ಕೈಗೆ ಕೊಡ್ತಾರೆ. ಸುಮ್ನಿರು."

"ಏನಂತಾರೆ?" ಎಂದು ಇಂಜಿನಿಯರು ಕೇಳಿದ.

"ತುಂಬ ಬೇಜಾರಾಯ್ತು ಅಂತಾವ್ರೆ," ಎಂದ ಮಕಾರಿಯೊ.

ಆಗ ತೊರಿಬಿಯಾ ಎದ್ದು ನಿಂತಳು. ಅವಳಿಗೆ ಅಷ್ಟಿಷ್ಟು ಸ್ಪ್ಯಾನಿಷ್ ಬರುತ್ತದೆ, ಸಂತೆಯಲ್ಲಿ ಜಗಳಕ್ಕೆ ಸಾಲುವಷ್ಟು. "ಇಂಜಿನಿಯರ್ ಸಾಹೇಬ್ರೇ, ಅದು ದೇವ್ರದು! ಬಾಲಯೇಸುವಿಂದು!" ಎಂದಳು. "ಇವ್ರ ಮನೇಲಿ ಬಾಲಯೇಸುವಿನ ಮೂರ್ತಿ ಇದೆ, ಇಷ್ಟೆತ್ತರ. ಅದರ ಕೈಗೂ ದಾರ ಕಟ್ತೀವಿ, ದೃಷ್ಟಿ ಆಗಬಾರ್ದಲ್ಲ. ಬೆಳೆ ಚೆನ್ನಾಗಾಗ್ಲಿ ಅಂತ ಮೂರ್ತೀನ ಹೊಲದಲ್ಲಿ ಒಂದು ಸುತ್ತು ಹೊತ್ಕೊಂಡ್ ಬರ್ತೀವಿ. ಆವಾಗ್ ಬಿದ್ದಿರ್ಬೇಕು."

"ಹೌದೌದು, ಬಾಲಯೇಸುವಿಂದು," ಎಂದಿತು ಶೆಡ್ಡು. ಕೆಲವರು ಶಿಲುಬೆಯ ಗುರುತನ್ನೂ ಹಾಕಿಕೊಂಡರು. ಒಬ್ಬಳಂತೂ ಆ ದಿನ ತಾನೇ ಊದುಬತ್ತಿ ಹಿಡಿದಿದ್ದೆ ಎಂದು ಬೇಡದ ಸಾಕ್ಷಿ ಹೇಳಿದಳು. ಇಂಜಿನಿಯರ ಭುಜ ಸಡಿಲವಾಯಿತು. ಅವನ ತಾಯಿಯ ಮನೆಯಲ್ಲೂ ಬಾಲಯೇಸು ಇದ್ದಿರಬೇಕು. ದೇವರ ದಾರಕ್ಕೆ ಎಚ್ಚರಿಕೆಯ ಕಾಗದ ಸಾಕು, ರದ್ದು ಬೇಕಿಲ್ಲ.

ಅವನು ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದ. ನಡುವೆ ತಲೆಯೆತ್ತಿ ನೇರವಾಗಿ ನಿಕೊಲಾಸಾಳನ್ನೇ ಕೇಳಿದ, ಮಕಾರಿಯೊ ದಾಟಿಸಿದ: "ದೇವರ ಮೂರ್ತಿಯದು ತಾನೆ? ನೀನೇ ಹೇಳ್ಬೇಕಂತೆ ಅಕ್ಕಾ. ನಂಬರು ನಿಂದಲ್ವಾ."

ಎಪ್ಪತ್ತು ಕಣ್ಣು ಅವಳ ಮೇಲೆ. ಅದರಲ್ಲಿ ಬಸುರಿಯರಿದ್ದರು. ಬೆಳಿಗ್ಗೆ ತಮ್ಮ ಕೂಸನ್ನು ಮೆಕ್ಕೆಜೋಳದ ಸಾಲಿನಲ್ಲಿ ಮಲಗಿಸಿ ಬಂದವರಿದ್ದರು. ಇವರೇ ಮಣ್ಣಿನ ದಿನ ಅವಳ ಮನೆಯ ಒಲೆಯ ಮುಂದೆ ಕೂತು ಬಂದವರಿಗೆಲ್ಲ ರೊಟ್ಟಿ ತಟ್ಟಿದವರು. ಅವರ ಮೇಲೆ ಸಿಟ್ಟು ಮಾಡಲೂ ಅವಳಿಗೆ ಆಗಲಿಲ್ಲ.

"ಹೂಂ," ಎಂದಳು ನಿಕೊಲಾಸಾ. "ದೇವ್ರದು."

ಬರೆದದ್ದನ್ನು ಮಕಾರಿಯೊ ಓದಿ ಹೇಳಿದ. ಎರಡೇ ಸಾಲು. ಸಿಕ್ಕ ವಸ್ತು ಮನೆಯ ದೇವರ ಮೂರ್ತಿಯದು, ಇನ್ನು ಮುಂದೆ ಮೂರ್ತಿಯನ್ನು ಹೊಲಕ್ಕೆ ತರುವುದಿಲ್ಲ. ಇಪ್ಪತ್ತೇಳನೇ ನಂಬರಿನ ಹೊಲಕ್ಕೆ ಎಂದೂ ಯಾವ ಮಗುವೂ ಬಂದಿಲ್ಲ. ಎರಡನೆಯ ಸಾಲು ಓದುವಾಗ ಮಕಾರಿಯೊ ಕೆಮ್ಮು ಬಂದವನಂತೆ ನಟಿಸಿದ. ನಿಕೊಲಾಸಾ ಶಾಯಿಯಲ್ಲಿ ಬೆರಳದ್ದಿ ಹೆಬ್ಬೆಟ್ಟು ಒತ್ತಿದಳು.

"ಆ ದಾರ ಏನ್ ಮಾಡ್ತಾರೆ ಅಂತ ಕೇಳಪ್ಪಾ," ಎಂದಳು, ಎದ್ದು ಹೋಗುವಾಗ.

ಮಕಾರಿಯೊ ಕೇಳಿ ಬಂದ. "ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿ ಇಟ್ಟಿರ್ತಾರಂತೆ. ಕೆಲವು ತಿಂಗಳಾದ್ಮೇಲೆ ಎಸೀತಾರಂತೆ."

ಮನೆಗೆ ಹೋಗುವ ಏರು ಆ ದಿನ ಮುಗಿಯಲೇ ಇಲ್ಲ. ತೊರಿಬಿಯಾ ಜೊತೆಗೇ ಬಂದಳು. ಸಾಮಾನ್ಯವಾಗಿ ಹತ್ತು ಹೆಜ್ಜೆಗೊಂದು ಚಾಡಿ ಹೇಳುವವಳು ಈಗ ಏದುಸಿರು ಬಿಡುವುದು ಬಿಟ್ಟು ಬೇರೇನೂ ಮಾಡಲಿಲ್ಲ. ತಿರುವಿನಲ್ಲಿ ನಿಂತು, "ಸೆನೈದಾಗೆ ಹೇಳ್ಬೇಡ ಕಣೇ," ಎಂದಳು. "ಹೇಳಿ ಏನ್ ಸುಖ? ಅವಳು ಹೇಗೂ ಬಾಯಿ ಮುಚ್ಕೊಂಡಿದ್ದಾಳೆ. ನಿಂಗೂ ವಯಸ್ಸಾಯ್ತು, ನಾಳೆ ಗಂಜಿ ಕಾಯಿಸಿ ಕೊಡೋಳು ಅವಳೇ."

ಮಾತು ಸುಳ್ಳಲ್ಲ. ಊರಿನ ಬಾಯಿ ಹೇಗೂ ಮುಚ್ಚಿತ್ತು, ಮೂವತ್ತೆಂಟು ಮನೆಗೂ ಅದರಲ್ಲೇ ಉಳಿವು. ಅವಳೊಬ್ಬಳು ಸುಮ್ಮನಿದ್ದರೆ ತೊಟ್ಟಿಯ ಕಥೆ ತೊಟ್ಟಿಯದಾಗಿಯೇ ಉಳಿಯುತ್ತದೆ. ಎದುರಿಗೆ ಹಳ್ಳದ ದಾರಿಯಲ್ಲಿ ಸೊಸೆ ಮೇಲಕ್ಕೆ ಬರುವುದು ಕಾಣುತ್ತಿತ್ತು. ತಲೆಯ ಮೇಲೆ ಒದ್ದೆ ಬಟ್ಟೆಯ ಗಂಟು, ಕುಪ್ಪಸದ ಹೆಗಲೆಲ್ಲ ತೊಯ್ದು ಕಪ್ಪಾಗಿತ್ತು.

ಮನೆಯಲ್ಲಿ ಸೆನೈದಾ ಬಟ್ಟೆ ಹರವಿ, ಒಲೆ ಹಚ್ಚಿ, ಮಣ್ಣಿನ ಹೆಂಚಿಟ್ಟು ರೊಟ್ಟಿ ತಟ್ಟಲು ಕೂತಳು. ಮೀಟಿಂಗಿನಲ್ಲಿ ಏನಾಯಿತೆಂದು ಕೇಳಲಿಲ್ಲ. ನಿಕೊಲಾಸಾ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಳು. ಹೆಬ್ಬೆಟ್ಟಿನ ಶಾಯಿಯನ್ನು ಒಂದೆರಡು ಸಲ ಸುತ್ತುಲಂಗಕ್ಕೆ ಉಜ್ಜಿದಳು, ಹೋಗಲಿಲ್ಲ.

"ದಾರ ಸಿಕ್ತು," ಎಂದಳು.

ತಟ್ಟುವ ಸದ್ದು ನಿಂತಿತು.

"ಎಲ್ಲಿ?"

"ಇಂಗ್ಲೆಂಡಲ್ಲಿ. ಯಾರೋ ಹೆಂಗಸಿನ ಬಟಾಣಿ ಪೊಟ್ಟಣದಲ್ಲಿ. ಫೋಟೋ ತಂದಿದ್ರು." ನಿಕೊಲಾಸಾ ಒಂದು ಸಲ ಉಸಿರೆಳೆದುಕೊಂಡಳು. "ತೊಟ್ಟಿ ಹತ್ರ ಬಿದ್ದಿರ್ಲಿಲ್ಲ ಕಣೇ. ನನ್ನ ಬೆನ್ನ ಮೇಲಿಂದ ನನ್ನ ಬುಟ್ಟಿಗೇ ಬಿದ್ದಿತ್ತು. ಕಳೆದದ್ದು ನೀನಲ್ಲ. ನಾನು."

ಸೆನೈದಾ ಅಂಗೈಯ ಹಿಟ್ಟನ್ನು ನೋಡುತ್ತಾ ಕೂತಳು.

"ಏಳು ವಾರ ನಾನು ಹಳ್ಳಕ್ಕೆ ಬಟ್ಟೆ ಹೊತ್ತೆ," ಎಂದಳು.

"ಹೂಂ."

"ಎಲ್ರ ಮುಂದೆ ಅಂದ್ರಿ."

"ಅಂದೆ. ಎಲ್ರ ಮುಂದೆ ಅಂದೆ."

"ಈಗ ಅದನ್ನ ವಾಪಸ್ ಕೊಡ್ತಾರಂತಾ?"

"ಇಲ್ಲ. ನಾವು ಕೇಳೋ ಹಾಗೂ ಇಲ್ಲ." ಮುಂದಿನದನ್ನು ಹೇಳಲು ನಿಕೊಲಾಸಾಳಿಗೆ ಮೊದಲಿನದಕ್ಕಿಂತ ಕಷ್ಟವಾಯಿತು. "ನಮ್ಮ ಹೊಲಕ್ಕೆ ಯಾವ ಮಗೂನೂ ಬಂದಿಲ್ಲ ಅಂತ ಬರೆದ್ರು. ನಾನು ಹೆಬ್ಬೆಟ್ಟು ಒತ್ತಿ ಬಂದೆ."

ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿ ವಾಸನೆ ಬರತೊಡಗಿತು. ಇಬ್ಬರೂ ಮಗುಚಲಿಲ್ಲ.

"ಯಾವ ಮಗೂನೂ ಬಂದಿಲ್ಲ ಅಂತ," ಎಂದಳು ಸೆನೈದಾ.

"ಮೂವತ್ತೆಂಟು ಮನೆ ಸೆನೈದಾ. ಎಲ್ರೂ ನನ್ನೇ ನೋಡ್ತಿದ್ರು. ನಾನೇನ್ ಮಾಡ್ಲಿ..."

"ನಂಗೆ ಗೊತ್ತಾಗುತ್ತೆ ಅತ್ತೆ. ನಾನಿದ್ರೂ ಒತ್ತಿರ್ತಿದ್ದೆ." ಅವಳ ದನಿ ಅಲ್ಲಿಯವರೆಗೆ ನೆಟ್ಟಗಿತ್ತು, ಅಲ್ಲಿ ಒಡೆಯಿತು. "ಅಲ್ಲಿ ಒತ್ತಿದ್ದು ಒತ್ತಿ ಆಯ್ತು. ಇಲ್ಲಿ ನನ್ನ ಮುಂದೆ ಹೇಳಿ. ಅವನು ಬಂದಿದ್ದ ಅಂತ ಹೇಳಿ."

ನಿಕೊಲಾಸಾ ಕಣ್ಣು ಒರೆಸಿಕೊಳ್ಳಲಿಲ್ಲ.

"ಬಂದಿದ್ದ," ಎಂದಳು. "ನಮ್ಮ ಲಿಸಾಂದ್ರೊ ಬಂದಿದ್ದ. ಕಳೆ ಕೀಳೋಕೂ ಬಂದಿದ್ದ, ಬಳ್ಳಿ ಕಟ್ಟೋಕೂ ಬಂದಿದ್ದ, ಕೊಯ್ಲಿಗೂ ಬಂದಿದ್ದ. ಆವತ್ತು ನನ್ನ ಬೆನ್ನ ಮೇಲೆ ಬಂದಿದ್ದ."

"ಇನ್ನೊಂದ್ಸಲ ಹೇಳಿ," ಎಂದಳು ಸೆನೈದಾ.